ಬೇವೂರಿನ ಗೋಡೆಗೆ ಹೈದರಾಬಾದಿನ ಟಕ್ ಟಕ್!

ಸಿನಿಮಾದಲ್ಲಿ ಸಾಹುಕಾರರ ಬಂಗಲೆ ಎಂದರೆ ಏನೇನಿರಬೇಕು? ಎರಡು ಕಡೆಯಿಂದ ಸುತ್ತಿ ಇಳಿಯುವ ಮೆಟ್ಟಿಲು, ಕರಿ ಟೆಲಿಫೋನು, ಗೋಡೆಗೆ ಹುಲಿಯ ತಲೆ... ಆಮೇಲೆ ಒಂದು ದೊಡ್ಡ ಗಡಿಯಾರ! ಅದು ರಾತ್ರಿ ಹನ್ನೆರಡು ಹೊಡೆಯಿತೆಂದರೆ ನೆಲದ ಟಿಕೇಟಿನವರಿಗೂ ಕುರ್ಚಿಯವರಿಗೂ ಒಂದೇ ಸಲ ಎದೆ ಢವಢವ. ಬಿಳಿ ಸೀರೆ ಬರುತ್ತೋ, ಖಳನಾಯಕ ಬರುತ್ತಾನೋ! 1952ರ ‘ಹೈ ನೂನ್’ ಎಂಬ ಇಂಗ್ಲಿಷ್ ಚಿತ್ರ ನೋಡಿದವರಿಗೆ ಗೊತ್ತು. ಮಧ್ಯಾಹ್ನ ಹನ್ನೆರಡರ ರೈಲಿಗೆ ವೈರಿ ಬರುತ್ತಾನೆ. ಅಲ್ಲಿಯವರೆಗೆ ನಮ್ಮನ್ನು ಕುದಿಸುವುದು ಗ್ಯಾರಿ ಕೂಪರ್ ಒಬ್ಬನೇ ಅಲ್ಲ, ಗೋಡೆಯ ಗಡಿಯಾರವೂ ಹೌದು.

ನಾನು ಹೇಳಹೊರಟಿರುವುದು ಅಂಥದೇ ಒಂದು ಗಡಿಯಾರದ ಕಥೆ. ಇದರಲ್ಲಿ ಫೈಟಿಂಗ್ ಇಲ್ಲ, ಹೀರೋಯಿನ್ ಇಲ್ಲ. ಆದರೆ ಒಬ್ಬ ಮೋಸಗಾರ ಇದ್ದಾನೆ, ಒಬ್ಬ ಉಸ್ತಾದ್ ಇದ್ದಾನೆ, ಒಂದು ಹಳೇ ಸಾಲ ಇದೆ. ಲೊಕೇಶನ್ ಬೇವೂರು.

ಯಾವ ಬೇವೂರು ಅಂತೀರಾ? ಬಾಗಲಕೋಟೆ ಕಡೆ ಒಂದು ಬೇವೂರಿದೆ, ಚನ್ನಪಟ್ಟಣದ ಕಡೆ ಇನ್ನೊಂದಿದೆ. ನಮ್ಮದು ಕೊಪ್ಪಳ ಜಿಲ್ಲೆ, ಯಲಬುರ್ಗಾ ತಾಲ್ಲೂಕಿನದು. ಹೆಸರೇ ಹೇಳುವಂತೆ ಬೇವಿನ ಊರು. ಜೋಳ, ಸಜ್ಜೆ, ಶೇಂಗಾ, ಕಡಲೆ ಬೆಳೆಯುವ ಸೀಮೆ. ಮಳೆ ಬಂದರೆ ಬಂತು, ಇಲ್ಲದಿದ್ದರೆ ಮೋಡ ನೋಡುತ್ತಾ ಕೂರುವ ಸೀಮೆ. ಜಿಲ್ಲೆಯ ವರ್ಷದ ಮಳೆಯೇ ಸುಮಾರು 600 ಮಿಲಿಮೀಟರು!

ಇಂಥ ಊರಿನ ನಮ್ಮ ಮಾಳಿಗೆ ಮನೆಯ ಪಡಸಾಲೆಯಲ್ಲಿ ಒಂದಾನೊಂದು ಕಾಲಕ್ಕೆ ಗಡಿಯಾರವೊಂದು ತೂಗುತ್ತಿತ್ತಂತೆ. ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲಿನ ಮಾತು. ನಮ್ಮ ಓಣಿಯಲ್ಲಿ ಟೈಮು ಅಂತ ಇದ್ದದ್ದು ಅದೊಂದೇ. ಮದುವೆಯಲ್ಲಿ ಅಳಿಯನಿಗೆ ಎಚ್‌ಎಂಟಿ ವಾಚು ಕೊಡುವ ಪದ್ಧತಿ ಇನ್ನೂ ನಮ್ಮ ಓಣಿ ತಲುಪಿರಲಿಲ್ಲ. ಬಸ್ಸಿಗೆ ಹೊರಟವರು, ಅಕ್ಕಿಕಾಳು ಮುಹೂರ್ತ ಕೇಳುವವರು, ಜಾತ್ರೆಗೆ ಬಂದ ಟೂರಿಂಗ್ ಟಾಕೀಸಿನ ಎರಡನೇ ಆಟಕ್ಕೆ ಓಡುವ ಹುಡುಗರು, ಎಲ್ಲರೂ ನಮ್ಮ ಕಟ್ಟೆಗೆ ಬಂದು ಕೂಗುವವರೇ. “ಅಜ್ಜಾರ, ಎಷ್ಟಾತ್ರಿ?”

1972ರ ಬರ ಬಂತು. ಹೊಲ ಬಾಯಿ ಬಿಟ್ಟಿತು. ಊರೂರು ತಿರುಗಿ ಹಿತ್ತಾಳೆ, ತಾಮ್ರ ಕೊಳ್ಳುವ ಮೋಡಕಾದವನೊಬ್ಬ ಬಂದ. ಅಜ್ಜ ಮೊಳೆಯಿಂದ ಗಡಿಯಾರ ಇಳಿಸಿ ಅವನ ಕೈಗೆ ಕೊಟ್ಟು, ಬಂದ ದುಡ್ಡಿಗೆ ಜೋಳ ತಂದ. ಅಪ್ಪನಿಗೆ ಆಗ ಹದಿನಾಲ್ಕು ವರ್ಷ. ಆ ಜೋಳದ ರೊಟ್ಟಿ ತಿಂದು ಉಳಿದ ಜೀವ ಅದು. ಈಗ ವಯಸ್ಸಾಗಿದೆ, ರಾತ್ರಿ ನಿದ್ದೆ ಹತ್ತುವುದಿಲ್ಲ. ಹೋದ ವರ್ಷ ಒಂದು ರಾತ್ರಿ ಪಡಸಾಲೆಯಲ್ಲಿ ಮಲಗಿದ್ದವರು ಸುಮ್ಮನೆ ಅಂದರು:

“ತಮ್ಮಾ, ಆ ಗಡಿಯಾರ ಇದ್ದಿದ್ರ ರಾತ್ರಿ ಎಷ್ಟ್ ಉಳದೈತಿ ಅಂತ ಗೊತ್ತಾಗ್ತಿತ್ತು.”

ಮೊಬೈಲ್ ಇದೆಯಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಹಳೇ ಗಡಿಯಾರ ತರಬೇಕು ಎಂದು ಅವತ್ತೇ ತೀರ್ಮಾನಿಸಿಬಿಟ್ಟೆ.

ಮೊದಲ ರೀಲು: ಡ್ಯೂಪ್!

ಮೊದಲ ಸಲ ಮೋಸ ಹೋದೆ, ಒಪ್ಪಿಕೊಳ್ಳುತ್ತೇನೆ. ಎಲ್ಲಿ, ಯಾರ ಹತ್ತಿರ ಎಂಬುದು ಬೇಡ. ದೊಡ್ಡ ಊರು, ದೊಡ್ಡ ಅಂಗಡಿ. ತೇಗದ ಪೆಟ್ಟಿಗೆ, ಹಿತ್ತಾಳೆ ಲೋಲಕ, ಹಳದಿಗೆ ತಿರುಗಿದ ಮುಖದ ಮೇಲೆ ಅಮೆರಿಕದ ಕಂಪನಿಯ ಹೆಸರು. “ನೂರು ವರ್ಷದ ಮಾಲು ಸಾರ್, ಮಹಾರಾಜರ ಮನೆಯದು!” ಎಂದ. ಆರೂವರೆ ಸಾವಿರ ಎಣಿಸಿ ಕೊಟ್ಟು, ಮದುಮಗಳನ್ನು ಕರೆತಂದಂತೆ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ. ಹನ್ನೊಂದು ದಿನ ಓಡಿತು. ಹನ್ನೆರಡನೇ ದಿನ ಮಹಾರಾಜರ ಗಡಿಯಾರ ಕಣ್ಣು ಮುಚ್ಚಿತು.

ಕುಷ್ಟಗಿಯ ವಾಚ್ ರಿಪೇರಿಯವರೊಬ್ಬರು ಬೆನ್ನು ಬಿಚ್ಚಿ ನೋಡಿ ನಕ್ಕರು. “ಪೆಟಗಿ ಹಳೇದು. ಒಳಗಿನ ಮಷೀನು ನಿನ್ನೆ ಮೊನ್ನಿದು. ಮಾರಿ ಮ್ಯಾಲಿನ ಕಾಗದ ಪ್ರಿಂಟಿಂಗ್ ಪ್ರೆಸ್ಸಿಂದು. ಚಹಾದ ನೀರಾಗ ಅದ್ದಿ ಹಳದಿ ಮಾಡ್ಯಾರ!” ಅಪ್ಪ ಏನೂ ಅನ್ನಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ರಿಪೇರಿಯವರೇ ಹೈದರಾಬಾದಿನ ಒಬ್ಬ ಮುದುಕರ ವಿಳಾಸ ಚೀಟಿಯಲ್ಲಿ ಬರೆದುಕೊಟ್ಟರು. “ಅವ್ರು ಗಡಿಯಾರ ಬಿಟ್ರ ಬ್ಯಾರೇದು ಮಾರೂದಿಲ್ಲ. ಸುಳ್ಳಂತೂ ಮಾರೂದೇ ಇಲ್ಲ.”

ಶೇಂಗಾ ಮಾರಿದ ಹದಿನಾಲ್ಕು ಸಾವಿರ ಒಳಜೇಬಿನಲ್ಲಿ, ಸತ್ತ ಗಡಿಯಾರ ಗೋಣಿಚೀಲದಲ್ಲಿ. ಕುಷ್ಟಗಿ, ಸಿಂಧನೂರು, ರಾಯಚೂರು ದಾಟಿ ಬೆಳಗಿನ ಜಾವ ಹೈದರಾಬಾದಿನ ಮಹಾತ್ಮ ಗಾಂಧಿ ಬಸ್ ನಿಲ್ದಾಣದಲ್ಲಿ ಇಳಿದೆ. ಮೂಸಿ ನದಿಯ ದಂಡೆ. ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು. ಅಂಗಡಿ ಬಾಗಿಲು ತೆಗೆಯುವುದು ಮಧ್ಯಾಹ್ನದ ಮೇಲೆ ಎಂದು ತಿಳಿಯಿತು. ಅಲ್ಲಿಯತನಕ ಏನು ಮಾಡುವುದು? ಹತ್ತಿರದಲ್ಲೇ ಸಾಲಾರ್ ಜಂಗ್ ಮ್ಯೂಸಿಯಂ!

ಹನ್ನೆರಡರ ಶೋ, ಹೌಸ್‌ಫುಲ್!

ಓದುಗ ಮಿತ್ರರೇ, ಹೈದರಾಬಾದಿಗೆ ಹೋದರೆ ಸ್ಟುಡಿಯೋ ನೋಡಿ, ಬಿರಿಯಾನಿ ತಿನ್ನಿ, ಬೇಡ ಅನ್ನೋದಿಲ್ಲ. ಆದರೆ ಈ ಶೋ ತಪ್ಪಿಸಬೇಡಿ. ಶುಕ್ರವಾರ ಮಾತ್ರ ರಜೆ. ಮ್ಯೂಸಿಯಮ್ಮಿನ ಒಳಗೆ ಒಂದು ಸಂಗೀತ ಗಡಿಯಾರವಿದೆ. ಇಂಗ್ಲೆಂಡಿನಲ್ಲಿ ತಯಾರಾದದ್ದು, ಕಲ್ಕತ್ತೆಯ ಕುಕ್ ಅಂಡ್ ಕೆಲ್ವಿ ಕಂಪನಿಯ ಹೆಸರಿನದು. ಹನ್ನೆರಡಾಗುತ್ತಾ ಬಂದಂತೆ ಅದರ ಮುಂದೆ ಜನ ಮ್ಯಾಟಿನಿಗೆ ಸೇರಿದ ಹಾಗೆ ಸೇರುತ್ತಾರೆ. ಮಕ್ಕಳು ಹೆಗಲ ಮೇಲೆ, ಮೊಬೈಲುಗಳು ತಲೆಯ ಮೇಲೆ. ಒಂದು ಕಡೆ ಪುಟ್ಟ ಕಮ್ಮಾರನೊಬ್ಬ ಸುತ್ತಿಗೆ ಬಡಿಯುತ್ತಲೇ ಇರುತ್ತಾನೆ. ಗಂಟೆಗೆ ಕೆಲವು ನಿಮಿಷ ಮುಂಚೆ ಬಾಗಿಲು ತೆರೆದು ಗಡ್ಡದ ಬೊಂಬೆಯೊಂದು ಹೊರಬರುತ್ತದೆ. ಸದ್ದಡಗುತ್ತದೆ. ಢಣ್... ಢಣ್... ಹನ್ನೆರಡು ಸಲ! ಬೊಂಬೆ ಒಳಕ್ಕೆ. ಜನ ಚಪ್ಪಾಳೆ. ಶೋ ಮುಗಿಯಿತು.

ನಾನೂ ಚಪ್ಪಾಳೆ ತಟ್ಟಿದೆ. ತಟ್ಟಿದ ಮೇಲೆ ಒಂದು ವಿಷಯ ನೆನಪಾಗಿ ಕೈ ಅಲ್ಲೇ ನಿಂತಿತು.

ನಮ್ಮ ಕೊಪ್ಪಳ, ಯಲಬುರ್ಗಾ ಸೀಮೆ ನಿಜಾಮರ ಕಾಲದಲ್ಲಿ ಯಾರ ಜಹಗೀರು ಗೊತ್ತೇ? ಇದೇ ಸಾಲಾರ್ ಜಂಗ್ ಮನೆತನದ್ದು! ಜಹಗೀರು ಎಂದರೆ ಆ ಸೀಮೆಯ ಕಂದಾಯವೆಲ್ಲ ಆ ಮನೆತನಕ್ಕೆ. ಈ ಮನೆಯವರು ನಿಜಾಮರ ದಿವಾನರಾಗಿದ್ದವರು. ಕೊನೆಯವರಾದ ಮೂರನೇ ಸಾಲಾರ್ ಜಂಗ್, ಮೀರ್ ಯೂಸುಫ್ ಅಲಿ ಖಾನ್, ದಿವಾನಗಿರಿ ಬಿಟ್ಟು ಜೀವಮಾನವಿಡೀ ಚೆಂದದ ವಸ್ತು ಕೊಳ್ಳುವುದರಲ್ಲೇ ಕಳೆದರು. ಮದುವೆಯಾಗಲಿಲ್ಲ. 1949ರಲ್ಲಿ ತೀರಿಕೊಂಡರು. ಅದೇ ವರ್ಷ ಹೈದರಾಬಾದ್ ಸಂಸ್ಥಾನದ ಜಹಗೀರುಗಳೂ ರದ್ದಾದವು. 1951ರ ಡಿಸೆಂಬರ್ 16ರಂದು ನೆಹರೂ ಬಂದು ಆ ಸಂಗ್ರಹವನ್ನು ಜನರಿಗೆ ತೆರೆದರು. ಈಗಿನ ಕಟ್ಟಡಕ್ಕೆ ಬಂದದ್ದು 1968ರಲ್ಲಿ.

ಯಾವ ಹೊಲದ ಕಂದಾಯ ಯಾವ ಗಡಿಯಾರಕ್ಕೆ ಹೋಯಿತು ಎಂದು ಲೆಕ್ಕ ಹಾಕಲಾಗದು. ಸಂಗ್ರಹ ಮಾಡಿದವರ ಕಣ್ಣು ದೊಡ್ಡದು, ಅದನ್ನೂ ಒಪ್ಪಬೇಕು. ಅವರು ಕೂಡಿಸದಿದ್ದರೆ ಇವತ್ತು ನಾನು ನೋಡುತ್ತಿರಲಿಲ್ಲ. ಆದರೂ ಸ್ವಾಮಿ, ಬರಗಾಲದ ಸೀಮೆಯಿಂದ ಹೋದ ರೂಪಾಯಿ ಈ ಚಕ್ರಗಳಲ್ಲಿ ಎಲ್ಲೋ ಒಂದು ಕಡೆ ತಿರುಗುತ್ತಿರಲೇಬೇಕಲ್ಲ? ಅಲ್ಲಿ ಗಡಿಯಾರಕ್ಕಾಗಿ ಜೋಳದ ದುಡ್ಡು. ನಮ್ಮ ಮನೆಯಲ್ಲಿ ಜೋಳಕ್ಕಾಗಿ ಗಡಿಯಾರ. ಗೋಣಿಚೀಲ ಹೆಗಲಿಗೇರಿಸಿ ಹೊರಬಂದೆ.

ಉಸ್ತಾದ್ ಪ್ರವೇಶ

ಚಾರ್‌ಮಿನಾರ್ ಹತ್ತಿರ, ಮಹಬೂಬ್ ಚೌಕ. ಜನ ಮುರ್ಗಿ ಚೌಕ ಅಂತಲೇ ಕರೆಯುತ್ತಾರೆ. ನಡುವೆ 1892ರ ಗಡಿಯಾರ ಗೋಪುರ. ಚಾರ್‌ಮಿನಾರಿಗೆ ನಾಲ್ಕು ಕಡೆ ಗಡಿಯಾರ ಕೂರಿಸಿದ್ದು ಅದಕ್ಕೂ ಮೂರು ವರ್ಷ ಮೊದಲು, 1889ರಲ್ಲಿ. ಹೀಗೆ ಟೈಮಿನ ನೆರಳಲ್ಲೇ ಬದುಕುವ ಗಲ್ಲಿ ಅದು. ಒಳಗೆ ಎರಡು ತಿರುವು ಕಳೆದರೆ ಬೀಡಾ ಅಂಗಡಿಯಷ್ಟು ಜಾಗ. ಗೋಡೆ ತುಂಬಾ ಗಡಿಯಾರ. ಒಂದೊಂದರಲ್ಲೂ ಒಂದೊಂದು ಟೈಮು!

“ಚಾಚಾ, ಇಷ್ಟ್ರಾಗ ಖರೇ ಟೈಮ್ ಯಾವುದು?” ಎಂದೆ.

ಬಿಳಿ ಗಡ್ಡದ ಮುದುಕರು ಕಣ್ಣಿನ ಭೂತಗನ್ನಡಿ ತೆಗೆದರು. ಕನ್ನಡ ಕೇಳಿ ಮುಖ ಅರಳಿತು. “ಅರೇ, ಯಾವ ಕಡಿಯವ್ರು ಬೇಟಾ? ನಮ್ಮ ಅಮ್ಮೀ ಗುಲಬರ್ಗಾದವರು! ಎಲ್ಲಾ ಒಂದೇ ಟೈಮ್ ಇಟ್ರ ಒಂದೇ ಸಲ ಎಲ್ಲಾ ಹೊಡೀತಾವ. ನಂಗ ಹುಚ್ಚು ಹಿಡೀತದ. ಅದಕ್ಕೇ ಹಿಂಗ!”

ಗೋಣಿಚೀಲ ಬಿಚ್ಚಿದೆ. ಅವರು ಗಡಿಯಾರದ ಮುಖ ನೋಡಲೇ ಇಲ್ಲ, ನೇರ ಬೆನ್ನು ನೋಡಿದರು. ಒಳಗಿನ ಹಲಗೆಯ ಮೇಲೆ ಬೆರಳಾಡಿಸಿದರು. “ಇಲ್ಲಿ ನಾಲ್ಕು ತೂತು ಖಾಲಿ ಅದಾವ, ನೋಡು. ಮೊದಲಿನ ಮಷೀನಿನ ಸ್ಕ್ರೂ ಇದ್ದ ಜಾಗ. ಈಗಿನ ಮಷೀನಿನ ತೂತು ಬ್ಯಾರೆ. ಇದಕ್ಕ ನಮ್ಮ ಧಂದೆಯಾಗ ಮದುವಿ ಅಂತಾರ. ಒಬ್ಬನ ದೇಹ, ಇನ್ನೊಬ್ಬನ ಜೀವ.”

ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಡಬ್ಬಿಂಗು! ಮುಖ ಒಬ್ಬರದು, ದನಿ ಇನ್ನೊಬ್ಬರದು. ಹೀರೋ ಅಂತ ಡ್ಯೂಪಿಗೆ ಹಾರ ಹಾಕಿದ್ದೆ ನಾನು.

ಅವತ್ತು ಮೂರು ಗಂಟೆ ಹೊತ್ತು ಚಾಚಾ ಪಾಠ ಮಾಡಿದರು. ಹಳೇ ಗಡಿಯಾರ ಕೊಳ್ಳುವ ಆಸೆ ನಿಮಗೂ ಇದ್ದರೆ ಕೇಳಿ.

ರೇಟು ಕೇಳುವ ಮುಂಚೆ ಕಣ್ಣು ಮುಚ್ಚಿ ಒಂದು ನಿಮಿಷ ಸದ್ದು ಕೇಳಬೇಕು. ಟಕ್-ಟಕ್-ಟಕ್ ಸಮನಾಗಿರಬೇಕು. ಟಕ್ಟಕ್... ಟಕ್ಟಕ್... ಎಂದು ಕುಂಟಿದರೆ ಒಂದೋ ಗೋಡೆಗೆ ಸೊಟ್ಟಗೆ ತೂಗಿದೆ, ಇಲ್ಲವೇ ಒಳಗೆ ಬಾಗಿದೆ. ಕುಂಟುವ ಗಡಿಯಾರ ಬೇಗ ನಿಲ್ಲುತ್ತದೆ.

ಮುಖದಲ್ಲಿ ಚಾವಿ ಕೊಡುವ ತೂತು ಎರಡಿದ್ದರೆ ಒಂದು ಓಟಕ್ಕೆ, ಇನ್ನೊಂದು ಗಂಟೆ ಬಾರಿಸುವುದಕ್ಕೆ. ಎರಡಕ್ಕೂ ಚಾವಿ ಕೊಟ್ಟು ಪೂರ್ತಿ ಒಂದು ಗಂಟೆ ಅಂಗಡಿಯಲ್ಲೇ ಕೂರಬೇಕು. ಮುಳ್ಳನ್ನು ಹಿಂದಕ್ಕೆ ತಿರುಗಿಸಲೇಬಾರದು. ಮುಂದಕ್ಕೇ ತಿರುಗಿಸಿ, ಒಂದೊಂದು ಗಂಟೆಗೂ ನಿಂತು ಹೊಡೆಯಲು ಬಿಡಬೇಕು. ಇಲ್ಲದಿದ್ದರೆ ಮುಳ್ಳು ಮೂರು ತೋರಿಸಿದಾಗ ಅದು ಏಳು ಹೊಡೆಯುತ್ತದೆ!

ಹೆಸರಿಗೆ ಮರುಳಾಗಬಾರದು. ಅಮೆರಿಕದ ಅನ್ಸೋನಿಯಾ 1929ಕ್ಕೇ ಮುಚ್ಚಿದ ಕಂಪನಿ. ಜರ್ಮನಿಯ ಯುಂಗ್‌ಹಾನ್ಸ್‌ಗೆ ನಕ್ಷತ್ರದೊಳಗೆ ‘ಜೆ’ ಅಕ್ಷರದ ಗುರುತು. ಜಪಾನಿನ ಸೈಕೋಶಾ ಕಾರ್ಖಾನೆ ಶುರುವಾದದ್ದು 1892ರಲ್ಲಿ. ಹೆಸರು ಮುಖದ ಮೇಲೆ ಇದ್ದರೆ ಸಾಲದು, ಒಳಗಿನ ಹಿತ್ತಾಳೆ ಹಲಗೆಯ ಮೇಲೂ ಇದೆಯೇ ನೋಡಬೇಕು. ಕಾಗದ ಯಾರೂ ಅಂಟಿಸಬಹುದು, ಹಿತ್ತಾಳೆ ಅಷ್ಟು ಸುಲಭಕ್ಕೆ ಸುಳ್ಳು ಹೇಳುವುದಿಲ್ಲ.

ಇನ್ನೊಂದು ಕಾನೂನಿನ ಮಾತು. ನೂರು ವರ್ಷ ದಾಟಿದ ಇಂಥ ಕಲಾವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾಯಿದೆ ಇದೆ. ಅಂಥದ್ದನ್ನು ವ್ಯಾಪಾರ ಮಾಡುವವರಿಗೆ ಲೈಸೆನ್ಸು ಬೇಕು. ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. “ನೂರು ವರ್ಷದ್ದು” ಎಂದು ಎದೆ ತಟ್ಟಿ ಹೇಳುವವನಿಗೆ ಲೈಸೆನ್ಸು, ರಸೀದಿ ಕೇಳಿ ನೋಡಿ. ಎಷ್ಟೋ ಜನರ ಗಡಿಯಾರ ಆ ಕ್ಷಣವೇ ಮೂವತ್ತು ವರ್ಷ ಚಿಕ್ಕದಾಗುತ್ತದೆ!

ಯಲಬುರ್ಗಾದಲ್ಲಿ ಬಿರುಗಾಳಿ!

ಮೂಲೆಯಲ್ಲಿ ಗಡಿಯಾರದಂಥದೇ ಇನ್ನೊಂದು ವಸ್ತು ಕಂಡಿತು. ಮುಳ್ಳಿದೆ, ಅಂಕಿ ಇದೆ, ಆದರೆ ಟಕ್ ಟಕ್ ಇಲ್ಲ. ಬ್ಯಾರೋಮೀಟರ್! ಗಾಳಿಯ ಭಾರ ತೂಗುವ ಯಂತ್ರ. 1643ರಲ್ಲಿ ಇಟಲಿಯ ಟೊರಿಚೆಲ್ಲಿ ಪಾದರಸ ತುಂಬಿದ ಗಾಜಿನ ಕೊಳವೆಯಿಂದ ಇದನ್ನು ಕಂಡುಹಿಡಿದ. 1844ರಲ್ಲಿ ಫ್ರಾನ್ಸಿನ ಲೂಸಿಯನ್ ವಿದಿ ಪಾದರಸವೇ ಬೇಡದ ಹಾಗೆ, ಗಾಳಿ ತೆಗೆದ ತೆಳು ತಗಡಿನ ಡಬ್ಬಿಯಿಂದ ಮಾಡಿದ. ಗಾಳಿ ಒತ್ತಿದರೆ ಡಬ್ಬಿ ಕುಗ್ಗುತ್ತದೆ, ಬಿಟ್ಟರೆ ಉಬ್ಬುತ್ತದೆ, ಮುಳ್ಳು ತಿರುಗುತ್ತದೆ. ಪಾದರಸದ್ದು ಮನೆಗೆ ಬೇಡವೇ ಬೇಡ ಎಂದರು ಚಾಚಾ. ಒಡೆದರೆ ವಿಷ.

ತಗಡಿನ ಡಬ್ಬಿಯದ್ದನ್ನು ಕೈಗೆ ಕೊಟ್ಟರು. ಇಂಗ್ಲೆಂಡಿನ ಮಾಲು. ಸುತ್ತಲೂ ಅಕ್ಷರ. 31 ಅಂಗುಲಕ್ಕೆ ವೆರಿ ಡ್ರೈ, 30ಕ್ಕೆ ಫೇರ್, 29ಕ್ಕೆ ರೈನ್, 28ಕ್ಕೆ ಸ್ಟಾರ್ಮಿ. ಮುಳ್ಳು ಸ್ಟಾರ್ಮಿ ಮೇಲೆ ಕೂತಿತ್ತು. ಬಿರುಗಾಳಿ! ಹೊರಗೆ ನೋಡಿದರೆ ಮೇ ತಿಂಗಳ ಬಿಸಿಲು ಹಂಚು ಕಾಯಿಸುತ್ತಿದೆ.

“ಕೆಟ್ಟೈತೇನ್ರಿ ಚಾಚಾ?”

“ಕೆಟ್ಟಿಲ್ಲ. ಅದು ಸಮುದ್ರದ ದಂಡಿಯ ಲೆಕ್ಕ ಹೇಳ್ಲಕತ್ತದ. ಸಾವಿರ ಅಡಿ ಏರಿದ್ರ ಸುಮಾರು ಒಂದು ಅಂಗುಲ ಇಳೀತದ. ಹೈದರಾಬಾದ್ 1,700 ಅಡಿ ಮ್ಯಾಲಿನ ಊರು. ನಿಮ್ಮ ಕೊಪ್ಪಳಾನೂ ಹೆಚ್ಚು ಕಮ್ಮಿ ಅಷ್ಟೇ ಎತ್ತರ. ಹಿಂಗೇ ಒಯ್ದು ತೂಗಿಹಾಕಿದ್ರ ನಿಮ್ಮ ಯಲಬುರ್ಗಾದಾಗ ವರ್ಷಪೂರ್ತಿ ಬಿರುಗಾಳಿ!”

ನಗು ತಡೆಯಲಾಗಲಿಲ್ಲ. ಮಳೆಗಾಗಿ ಕತ್ತೆಗೆ ಮದುವೆ ಮಾಡುವ ಸೀಮೆಗೆ ವರ್ಷಪೂರ್ತಿ ಬಿರುಗಾಳಿ ಎನ್ನುವ ಯಂತ್ರ! ಚಾಚಾ ಬೆನ್ನಿನ ತೂತಿಗೆ ಸಣ್ಣ ಸ್ಕ್ರೂಡ್ರೈವರ್ ಹಾಕಿ ಒಂದಿಷ್ಟು ತಿರುಗಿಸಿದರು. ಮುಳ್ಳು ನಿಧಾನಕ್ಕೆ ಸರಿದು ಫೇರ್ ಹತ್ತಿರ ನಿಂತಿತು. “ಯಂತ್ರ ಲಂಡನ್ನಿಂದು ಇರಲಿ, ಎಲ್ಲೀದೇ ಇರಲಿ. ತೂಗು ಹಾಕಿದ ಊರಿಗೆ ತಿದ್ದಿಕೊಬೇಕು ಬೇಟಾ. ತಿದ್ದದೇ ಇಟ್ರ ಹಳೇ ಮಾಲಕನ ಊರಿನ ಸುದ್ದೀನೇ ಹೇಳ್ತಿರ್ತದ.”

ಜೇಬಿನಲ್ಲಿದ್ದ ದುಡ್ಡಿಗೆ ಎರಡೂ ಆಗುವಂತಿರಲಿಲ್ಲ. ಬ್ಯಾರೋಮೀಟರ್ ಗೋಡೆಗೇ ಮರಳಿತು.

ಕಟ್ ಎಂಬ ಸಪ್ಪಳ

“ನಿಮ್ಮ ಅಜ್ಜಂದು ಯಾವ ಕಂಪನಿ?” ಎಂದು ಕೇಳಿದರು. ನನಗೆ ಗೊತ್ತಿಲ್ಲ, ಅಪ್ಪನಿಗೂ ಗೊತ್ತಿಲ್ಲ. ಅಪ್ಪನಿಗೆ ನೆನಪಿದ್ದದ್ದು ಸದ್ದು ಮಾತ್ರ. ಠಣ್ ಅಲ್ಲ, ಢಣ್. ಅದಕ್ಕೂ ಸ್ವಲ್ಪ ಮುಂಚೆ ಒಳಗೆ ಕಟ್ ಎಂದು ಒಂದು ಸಣ್ಣ ಸಪ್ಪಳ. ಆ ಕಟ್ ಕೇಳಿದ ಕೂಡಲೇ ಅಜ್ಜ ರುಮಾಲು ಸುತ್ತಿ ಬಸ್ಸಿಗೆ ಹೊರಡುತ್ತಿದ್ದನಂತೆ.

ಚಾಚಾ ತಲೆದೂಗಿದರು. ಠಣ್ ಎನ್ನುವುದು ಬಟ್ಟಲಿನಂಥ ಗಂಟೆ. ಢಣ್ ಎನ್ನುವುದು ಜಿಲೇಬಿಯಂತೆ ಸುತ್ತಿದ ಉಕ್ಕಿನ ತಂತಿ. ಆ ಕಟ್ ಇದೆಯಲ್ಲ, ಅದು ಎಚ್ಚರಿಕೆ. ಗಂಟೆ ಬಾರಿಸುವ ಚಕ್ರಗಳು ಕೆಲವು ನಿಮಿಷ ಮುಂಚೆಯೇ ಬೀಗ ಬಿಟ್ಟುಕೊಂಡು ತಯಾರಾಗಿ ನಿಲ್ಲುತ್ತವೆ. ಮ್ಯೂಸಿಯಮ್ಮಿನ ಬೊಂಬೆ ಮೊದಲೇ ಬಂದು ನಿಂತದ್ದು ನನಗೆ ನೆನಪಾಯಿತು. ಜಹಗೀರುದಾರರ ಮನೆಯ ಗಡಿಯಾರವಾಗಲಿ, ಬೇವೂರಿನ ಪಡಸಾಲೆಯದಾಗಲಿ, ಹೊಡೆಯುವ ಮುಂಚೆ ಉಸಿರು ಎಳೆದುಕೊಳ್ಳುತ್ತದೆ.

ಅವರು ಇಳಿಸಿಕೊಟ್ಟದ್ದು ಒಂದು ಸೈಕೋಶಾ. ನೂರು ವರ್ಷ ಆಗಿಲ್ಲ ಎಂದು ತಾವೇ ಹೇಳಿದರು. ಮುಖದಲ್ಲಿ ಒಂದು ಕಡೆ ಬಣ್ಣ ಎದ್ದಿತ್ತು. “ತಿದ್ದಿಲ್ಲ. ತಿದ್ದಿದ್ರ ಹೆಚ್ಚು ರೇಟ್ ಬರ್ತಿತ್ತು. ಆದ್ರ ಮಾರಿ ಇದರದೇ, ಜೀವಾನೂ ಇದರದೇ.” ಹದಿಮೂರೂವರೆ ಸಾವಿರ. ನನ್ನ ಡ್ಯೂಪ್ ಗಡಿಯಾರದ ತೇಗದ ಪೆಟ್ಟಿಗೆಗೆ ಒಂದೂವರೆ ಸಾವಿರ ಹಿಡಿದುಕೊಂಡರು. ಲೋಲಕ ಬೇರೆ ಬಿಚ್ಚಿ, ಜಿಲೇಬಿ ತಂತಿ ಅಲುಗದ ಹಾಗೆ ಪೇಪರ್ ತುರುಕಿ, ಪೆಟ್ಟಿಗೆ ಕಟ್ಟಿಕೊಟ್ಟರು. ಲೋಲಕ ಬಿಚ್ಚದೆ ಬಸ್ಸಿನಲ್ಲಿ ತಂದರೆ ಅದನ್ನು ತೂಗುಹಾಕುವ ತೆಳು ಪಟ್ಟಿ ಮುರಿದೇಹೋಗುತ್ತದಂತೆ. ಬೇಸಿಗೆಯಲ್ಲಿ ಹಿಂದೆ ಬಿದ್ದರೆ ಲೋಲಕದ ಕೆಳಗಿನ ತಿರುಪನ್ನು ಒಂದು ಸುತ್ತು ಮೇಲಕ್ಕೆ. ಸೆಖೆಗೆ ಲೋಹ ಉದ್ದವಾಗಿ ಗಡಿಯಾರ ನಿಧಾನವಾಗುತ್ತದೆ, ಅಷ್ಟೇ.

ಮರುದಿನ ಸಂಜೆ ಬೇವೂರು. ಪಡಸಾಲೆಯಲ್ಲಿ ಅಜ್ಜನ ಕಾಲದ ಮೊಳೆ ಇನ್ನೂ ಇತ್ತು. ಅದಕ್ಕೇ ತೂಗಿದೆ. ಕಣ್ಣು ಮುಚ್ಚಿ ಕೇಳುತ್ತಾ ಪೆಟ್ಟಿಗೆಯನ್ನು ಒಂದು ನೂಲಿನಷ್ಟು ಎಡಕ್ಕೆ ಸರಿಸಿದೆ. ಟಕ್-ಟಕ್ ಸಮವಾಯಿತು. ಮೊಬೈಲ್ ನೋಡಿ ಟೈಮ್ ಇಟ್ಟೆ. ಅಪ್ಪ ಹೊರಸಿನ ಮೇಲೆ ಕೂತು ನೋಡುತ್ತಿದ್ದರು. ಮಾತಿಲ್ಲ. ಇದು ಅವರ ಗಡಿಯಾರ ಅಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು.

ಎಂಟಾಗುತ್ತಾ ಬಂತು. ಒಳಗಿನಿಂದ ಸಣ್ಣದಾಗಿ... ಕಟ್.

ಅಪ್ಪ ತಟ್ಟನೆ ತಲೆ ಎತ್ತಿದರು. ಆಮೇಲೆ ಢಣ್... ಢಣ್... ಎಂಟೂ ಮುಗಿಯುವವರೆಗೆ ಬೆರಳು ಮಡಿಚಿ ಎಣಿಸಿದರು.

“ಟೈಮ್ ತಪ್ಪೈತಿ,” ಅಂದರು.

“ಇಲ್ಲಪ್ಪಾ, ಮೊಬೈಲ್ ನೋಡೇ ಇಟ್ಟೀನಿ.”

“ನಮ್ಮ ಗಡಿಯಾರ ಐದ್ ಮಿನಿಟ್ ಮುಂದ ಇರ್ತಿತ್ತು. ಕೇಳಾಕ ಬಂದವ್ರಿಗೆ ಬಸ್ಸು ತಪ್ಪಬಾರ್ದು ಅಂತ ನಿಮ್ಮಜ್ಜ ಮುಂದನ ಇಡ್ತಿದ್ದ.”

ಎದ್ದು ಹೋಗಿ ಗಾಜಿನ ಬಾಗಿಲು ತೆಗೆದೆ. ದೊಡ್ಡ ಮುಳ್ಳನ್ನು ಐದು ನಿಮಿಷ ಮುಂದಕ್ಕೆ ಸರಿಸಿದೆ.

“ಈಗ ಸರಿ ಆತು,” ಎಂದು ಅಪ್ಪ ಕಾಲು ಚಾಚಿದರು.